ಬಲಹುಬ್ಬಿನ ಮೇಲೆ

ಸೋಫಾದ ತಳದ ಬಟ್ಟೆಯನ್ನು ಅರ್ಧ ಬಿಚ್ಚುವಷ್ಟರಲ್ಲಿ ಒಳಗಿನ ವಾಸನೆ ಗಪ್ಪನೆ ಮುಖಕ್ಕೆ ಬಡಿಯಿತು. ಅವಳು ಉಸಿರು ಬಿಗಿಹಿಡಿದು ಕತ್ತರಿಯನ್ನು ಮುಂದಕ್ಕೆ ಓಡಿಸಿದಳು. ಹೊಲಿಗೆ ಬಿಟ್ಟುಕೊಂಡ ಹಾಗೆಲ್ಲ ಯಾರದೋ ಮನೆಯ ಬಾಳು ಅವಳ ಮಡಿಲಿಗೆ ಉದುರತೊಡಗಿತು: ಕತ್ತರಿಸಿ ಬಿಸಾಕಿದ ಉಗುರು, ಬಾಚಣಿಗೆಯಿಂದ ಜಾರಿದ ಕೂದಲುಂಡೆ, ಚೀಪಿ ಬಿಟ್ಟ ಮಿಠಾಯಿ, ಅದಕ್ಕೆ ಅಂಟಿಕೊಂಡೇ ಸತ್ತಿದ್ದ ಜಿರಳೆ. ಸ್ಪಂಜು ಹಾಲಲ್ಲಿ ಅದ್ದಿದ ಬಿಸ್ಕತ್ತಿನಂತೆ ಮೆತ್ತಗಾಗಿ, ಬೆವರು, ಮಕ್ಕಳ ಉಚ್ಚೆ ಎಲ್ಲ ಕುಡಿದು ಹಳದಿಗಟ್ಟಿತ್ತು.

ಹಳೆ ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸುವ ಅಂಗಡಿ ಅವರದು. ಮುಂದಿನ ಕೋಣೆಯಲ್ಲಿ ಗಂಡ ಬಟ್ಟೆಯ ಮಾದರಿಗಳನ್ನು ಹರವಿಕೊಂಡು ಗಿರಾಕಿಗಳ ಜೊತೆ ಕೂರುತ್ತಿದ್ದ. ಹಿಂದಿನ ಕೋಣೆಯಲ್ಲಿ ಅವಳು, ಹೊಲಿಗೆ ಮಷೀನು, ಮುರಿದ ಚೌಕಟ್ಟುಗಳನ್ನು ಸರಿಮಾಡುವ ಬಡಗಿ. ಈ ಕೊಳೆ ಅವಳಿಗೆ ಹೊಸದೇನಲ್ಲ. ತಲೆ ನೆಟ್ಟಗಿದ್ದ ದಿನ ಎಂಥ ಗಬ್ಬು ಸೋಫಾವನ್ನಾದರೂ ಹಾಡು ಗುನುಗುತ್ತ ಬಿಚ್ಚಿ ಎಸೆಯುತ್ತಿದ್ದಳು. ಇವತ್ತು ಮಾತ್ರ ಬೆಳಗಿನಿಂದಲೇ ಬಲಹುಬ್ಬಿನ ಮೇಲೆ ಯಾರೋ ಉಗುರಿನಿಂದ ಗೀರುತ್ತಿದ್ದ ಹಾಗಿತ್ತು. ಈಗ ಉಗುರು ಹೋಗಿ ಮೊಳೆಯಾಯಿತು. ಮೊಳೆ ಮೂಳೆಯೊಳಗಿಂದ ಹೊರಕ್ಕೆ ಬರುತ್ತಿತ್ತು. ಬಲಗಣ್ಣು ನೀರಾಯಿತು. ಅವಳು ಕತ್ತರಿ ಬಿಟ್ಟು ಮೂಲೆಯ ಬಕೆಟ್ಟಿನ ಕಡೆ ಓಡಿದಳು.

"ಗಾಬರಿಯಾಗ್ಬೇಡಿ ಮೇಡಂ," ಮುಂದಿನ ಕೋಣೆಯಿಂದ ಗಂಡನ ದನಿ ಕೇಳಿಸಿತು. "ನಮ್ಮನೆಯವಳು. ತಲೆನೋವಂತೆ. ವಾರಕ್ಕೊಂದು ಪ್ರದರ್ಶನ ಇರುತ್ತೆ, ಟಿಕೆಟ್ ಇಡೋದೊಂದು ಬಾಕಿ."

ಗಿರಾಕಿ ನಕ್ಕಳು. ಅವನ ಮಾತಿಗೆ ನಗದವರು ಯಾರು? ಬೀದಿಯವರೆಲ್ಲ ಅವನನ್ನು ಮಾತಿನಮಲ್ಲ ಎಂದೇ ಕರೆಯುತ್ತಿದ್ದರು. ಅವನಿಗೂ ಆ ಹೆಸರೆಂದರೆ ಇಷ್ಟ.

ಗಿರಾಕಿ ಹೋದ ಮೇಲೆ ಅವನೇ ಬಂದು ಬಕೆಟ್ಟು ಎತ್ತಿಕೊಂಡು ಹೋಗಿ ತೊಳೆದಿಟ್ಟ. ಪ್ರತಿ ಸಲವೂ ತೊಳೆಯುತ್ತಿದ್ದವನು ಅವನೇ. ಅದನ್ನು ಅವಳು ಇಲ್ಲವೆನ್ನುವ ಹಾಗಿರಲಿಲ್ಲ. ಯಾವ ಗಂಡ ಹೆಂಡತಿಯ ವಾಂತಿ ಬಳಿಯುತ್ತಾನೆ? ಈ ಪ್ರಶ್ನೆಯನ್ನು ಅವನೇ ನೆಂಟರಿಗೆ, ನೆರೆಯವರಿಗೆ, ಸ್ಪಂಜು ತಂದುಹಾಕುವ ಲಾರಿಯವನಿಗೆ ಕೇಳುತ್ತಿದ್ದ. ಅವರೆಲ್ಲ ಅವಳ ಕಡೆ ತಿರುಗಿ, "ಪುಣ್ಯ ಮಾಡಿದ್ದೆ ಕಣಮ್ಮ" ಎನ್ನುತ್ತಿದ್ದರು. ಅವಳು ಹೌದೆಂದು ತಲೆಯಾಡಿಸುತ್ತಿದ್ದಳು. ತಲೆಯಾಡಿಸಿದರೆ ಇನ್ನಷ್ಟು ನೋಯುತ್ತಿತ್ತು.

ನೋವಿಗೆ ಅವಳು ಮಾಡಿಸದ ಉಪಾಯವಿರಲಿಲ್ಲ. ಕನ್ನಡಕ ಹಾಕಿಸಿದರು, ತೆಗೆಸಿದರು. ಮೂಗಿನ ಪಕ್ಕದ ಗೂಡುಗಳಲ್ಲಿ ಕಫ ಕಟ್ಟಿದೆ ಎಂದು ಮೂಗಿಗೆ ನೀರು ಹಾಯಿಸಿದರು. ಒಬ್ಬ ಹಲ್ಲಿನ ಡಾಕ್ಟರು ಒಳ್ಳೆಯ ದವಡೆ ಹಲ್ಲೊಂದನ್ನು ಕಿತ್ತು ಕೈಗೆ ಕೊಟ್ಟ. ಅಂಟಿನ ವಾಸನೆಯೇ ಕಾರಣವೆಂದು ಬೇರೆ ಅಂಟು ತಂದರು. ಕೊನೆಗೆ ದೊಡ್ಡ ಆಸ್ಪತ್ರೆಯ ಹಿರಿಯ ಡಾಕ್ಟರೊಬ್ಬರು ಹುಬ್ಬಿನ ಅಂಚಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಅಲ್ಲಿಂದಲೇ ಹಣೆಯ ನರ ಹೊರಗೆ ಬರುವುದಂತೆ. ನೋವು ಆ ನರದ್ದೇ ಆದರೆ ಕೂತಲ್ಲೇ ನಿಲ್ಲುತ್ತದೆ ಎಂದರು. ರೆಪ್ಪೆ ದಪ್ಪಗಾಯಿತು. ನೋವು ಕದಲಲಿಲ್ಲ. "ಹಾಗಿದ್ರೆ ನರದ್ದಲ್ಲ, ಮನಸ್ಸಿಗೆ ಸಂಬಂಧಪಟ್ಟಿರಬಹುದು," ಎಂದು ಅವರು ಗಂಡನಿಗೆ ಹೇಳಿದರು, ಅವಳಿಗಲ್ಲ.

ಅವತ್ತಿನಿಂದ ಮನೆಯಲ್ಲಿ ಅವಳ ನೋವಿನ ಬೆಲೆ ಇಳಿದುಹೋಯಿತು. "ಅಂಥ ಇಂಜೆಕ್ಷನ್‌ಗೇ ಜಗ್ಗಲಿಲ್ಲ ಅಂದ್ರೆ ನೋವು ಎಲ್ಲಿದೆ ಅಂತ ತಿಳ್ಕೋಬೇಕು," ಎಂದು ಗಂಡ ಕಣ್ಣು ಮಿಟುಕಿಸಿ ತಲೆಯನ್ನಲ್ಲ, ಬಾಯಿಯನ್ನು ತೋರಿಸುತ್ತಿದ್ದ. ಕಾಲೇಜಿಗೆ ಹೋಗುವ ಮಗಳು ಕೂಡ ಒಂದು ದಿನ ಬಾಗಿಲಲ್ಲಿ ನಿಂತು, "ಅಮ್ಮ, ನಿಜವಾಗ್ಲೂ ಅಷ್ಟು ನೋಯುತ್ತಾ?" ಎಂದು ಮೆಲ್ಲಗೆ ಕೇಳಿದಳು. ಕೇಳಿದ್ದಕ್ಕಿಂತ ಮೆಲ್ಲಗೆ ಕೇಳಿದ್ದೇ ಅವಳನ್ನು ಕುಗ್ಗಿಸಿತು.

ಆಮೇಲೆ ಗಂಡನ ಪರೀಕ್ಷೆಗಳು ಶುರುವಾದವು. ಅವಳು ಮಷೀನಿನ ಮುಂದೆ ಕೂತು ಏನೋ ನೆನೆದು ನಗುತ್ತಿರುವಾಗ, ಇಲ್ಲವೇ ನಿದ್ದೆ ಹತ್ತುವ ಹೊತ್ತಿಗೆ, ಹಿಂದಿನಿಂದ ಬಂದು ಹೆಬ್ಬೆರಳಿನಿಂದ ಬಲಹುಬ್ಬಿನ ಮೇಲೆ ಒತ್ತುತ್ತಿದ್ದ. ಅದು ಅಂಟು, ಸ್ಪಂಜಿನ ಪುಡಿ, ಎಂಜಲು ಮೆತ್ತಿದ ಹೆಬ್ಬೆರಳು. ಮಾದರಿ ಪುಸ್ತಕದ ಹಾಳೆ ತಿರುಗಿಸಲು ಅವನು ಸದಾ ಅದನ್ನು ನಾಲಗೆಗೆ ಮುಟ್ಟಿಸಿಕೊಳ್ಳುತ್ತಿದ್ದ. ಪುಸ್ತಕದ ಮೂಲೆಗಳೆಲ್ಲ ಕಪ್ಪಾಗಿ ಜಿಡ್ಡುಗಟ್ಟಿದ್ದವು. ಒಂದು ಸಲ ಬಡಗಿಯ ಎದುರಿಗೇ ಒತ್ತಿದ. ಅವಳು ಚೀರಿದಳು.

"ನೋಡ್ದಾ?" ಎಂದ ಬಡಗಿಗೆ. "ಒಂಚೂರು ತಡವಾಗಿ ಕಿರುಚಿದ್ಲು. ಯೋಚನೆ ಮಾಡಿ ಕಿರುಚಿದ್ಲು."

ಬಡಗಿ ನಕ್ಕೂ ನಗದ ಹಾಗೆ ಉಳಿ ಎತ್ತಿಕೊಂಡ. "ಬಿಡಣ್ಣ, ಅಕ್ಕಂಗೆ ನೋವಾಗುತ್ತೆ," ಎಂದ, ಎತ್ತಲೋ ನೋಡುತ್ತ.

ನೋವು ಬಂದಾಗ ಅವಳಿಗೆ ಲೋಕವೇ ಹೇಸಿಗೆಯಾಗುತ್ತಿತ್ತು. ಕುದಿಯುವ ಹಾಲು, ಒದ್ದೆ ಟವೆಲ್ಲು, ತನ್ನದೇ ಕಂಕುಳು. ಎಲ್ಲಕ್ಕಿಂತ ಹೆಚ್ಚಾಗಿ ಗಂಡ. ಬೆಳಿಗ್ಗೆ ಬಚ್ಚಲಲ್ಲಿ ಅವನು ಗಂಟಲಿನ ಬುಡದಿಂದ ಎಳೆದೆಳೆದು ಉಗುಳುವ ಸದ್ದು, ಬಿಸಿ ಚಹಾವನ್ನು ಸೊರ್ರೆಂದು ಹೀರಿ ಆಹಾ ಎನ್ನುವ ರೀತಿ, ಹಾಸಿಗೆಯಲ್ಲಿ ಅವನ ಕಡೆಯಿಂದ ಬರುವ ಹಳೆ ಎಣ್ಣೆಯ ಬಿಸಿ. ಅವನು ಹತ್ತಿರ ಬಂದರೆ ಗೋಡೆಯ ಕಡೆ ಹೊರಳುತ್ತಿದ್ದಳು. ಹೊರಳಿದ್ದಕ್ಕೆ ಆಮೇಲೆ ತಾನೇ ನಾಚಿಕೊಳ್ಳುತ್ತಿದ್ದಳು.

"ತಪ್ಪು ತಿಳ್ಕೋಬೇಡಿ," ಎನ್ನುತ್ತಿದ್ದಳು. "ಇದು ನೋವು ಮಾಡಿಸ್ತಿರೋದು, ನಾನಲ್ಲ. ನೋವು ಹೋದ ದಿನ ಎಲ್ಲ ಸರಿಹೋಗುತ್ತೆ."

"ಪರವಾಗಿಲ್ಲ ಬಿಡೇ, ನಂಗೆ ಅಭ್ಯಾಸ ಆಗಿದೆ," ಎನ್ನುತ್ತಿದ್ದ ಅವನು, ದೊಡ್ಡ ಮನಸ್ಸು ಮಾಡಿ.

ಹೊಸ ಡಾಕ್ಟರಮ್ಮನ ಸುದ್ದಿ ತಂದವಳು ಮಗಳು. ಗೆಳತಿಯೊಬ್ಬಳ ತಾಯಿಗೆ ಅಲ್ಲಿ ಗುಣವಾಗಿತ್ತಂತೆ. ಯಾರನ್ನೂ ಕೇಳದೆ ದಿನ ಗೊತ್ತುಮಾಡಿ ಬಂದಿದ್ದಳು. ಗಂಡ ತಾನೂ ಹೊರಟ. ಮಾತಾಡಲು ಒಬ್ಬರು ಬೇಕಲ್ಲ ಎಂದ. ಅವತ್ತೂ ಬೆಳಗಿನಿಂದ ಅವಳ ಹುಬ್ಬು ನೋಯುತ್ತಲೇ ಇತ್ತು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಕೂದಲನ್ನು ಸಾದಾ ರಬ್ಬರಿನಿಂದ ಬಿಗಿದು ಕಟ್ಟಿದ್ದಳು. ಬಿಳಿ ಕೋಟಿನ ಜೇಬಿನ ಹತ್ತಿರ ಶಾಯಿ ಕಲೆಯಿತ್ತು. ಹಿಂದಿನ ಚೀಟಿಗಳನ್ನು ನೋಡಿ ಬದಿಗಿಟ್ಟು, ಎದ್ದು ಬಂದು, ಅವಳ ಎರಡೂ ಹುಬ್ಬುಗಳ ಕೆಳಗೆ ಬೆರಳಿಟ್ಟು ಮೂಳೆಯ ಅಂಚನ್ನು ಮೆಲ್ಲಗೆ ಸವರುತ್ತ ಹೋದಳು. ಎಡಗಡೆ ಒಂದು ಕಡೆ ಬೆರಳು ನಿಂತಿತು. ಬಲಗಡೆ ಎಲ್ಲೂ ನಿಲ್ಲಲಿಲ್ಲ. ಇನ್ನೊಮ್ಮೆ ಸವರಿದಳು.

"ನೀವೇ ಮುಟ್ಟಿ ನೋಡಿ ಅಮ್ಮ. ಎಡಗಡೆ ಅಂಚಿನಲ್ಲಿ ಒಂದು ಕಚ್ಚು ಸಿಗುತ್ತೆ."

ಅವಳು ಮುಟ್ಟಿದಳು. ಸಿಕ್ಕಿತು: ಬಟ್ಟೆಯ ಅಂಚಿಗೆ ಕತ್ತರಿ ತುದಿಯಿಂದ ಗುರುತು ಹಾಕಿದ ಹಾಗೆ ಒಂದು ಸಣ್ಣ ತಗ್ಗು. ಬಲಗಡೆ ಮೂಳೆ ನುಣ್ಣಗೆ ಓಡಿತು. ಇಷ್ಟು ವರ್ಷ ಈ ಹಣೆಯನ್ನು ಒತ್ತಿದ್ದಾಳೆ, ಬಿಗಿದು ಕಟ್ಟಿದ್ದಾಳೆ, ಗೋಡೆಗೆ ಚಚ್ಚಿದ್ದಾಳೆ. ಹೀಗೆ ಮುಟ್ಟಿ ನೋಡಿರಲಿಲ್ಲ.

ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ತಲೆಬುರುಡೆಯೊಂದಿತ್ತು. ಡಾಕ್ಟರಮ್ಮ ಅದರ ಕಣ್ಣಿನ ಗುಳಿಗಳ ಮೇಲೆ ಪೆನ್ನಿಟ್ಟು ತೋರಿಸಿದಳು. "ಇದು ಅಚ್ಚಿನಲ್ಲಿ ಮಾಡಿದ್ದು, ಅದಕ್ಕೆ ಎರಡೂ ಕಡೆ ಒಂದೇ ತರ. ನಿಜವಾದ ಬುರುಡೆ ಹಾಗಿರಲ್ಲ. ನಾವು ಓದುವಾಗ ಮೇಜಿನ ತುಂಬ ಇಟ್ಟಿರೋರು. ಕೆಲವಕ್ಕೆ ಹೀಗೆ ಅಂಚಿನಲ್ಲಿ ಕಚ್ಚು. ಕೆಲವಕ್ಕೆ ಕಚ್ಚಿನ ಬಾಯಿ ಮುಚ್ಚಿಕೊಂಡು ತೂತಾಗಿರುತ್ತೆ. ಕೆಲವಕ್ಕೆ ಆ ತೂತು ಅಂಚು ಬಿಟ್ಟು ಹಣೆಯ ಕಡೆ ಮೇಲೆ ಇರುತ್ತೆ. ಒಂದೇ ಕಡೆ ಎರಡು ಇರೋದೂ ಉಂಟು. ಒಬ್ಬರಿಗೇ ಎಡಕ್ಕೊಂದು ತರ, ಬಲಕ್ಕೊಂದು ತರ. ನರ ಬರೋದು ಅದರೊಳಗಿಂದ."

ಸ್ಕ್ಯಾನ್ ಮಾಡಲು ಹಣೆಗೆ ತಣ್ಣನೆಯ ಲೋಳೆ ಸವರಿದರು. ಸಿಂಬಳದ ಹಾಗೆ ಅದು ಹುಬ್ಬಿನಿಂದ ಕಿವಿಯ ಕಡೆ ಇಳಿಯತೊಡಗಿದಾಗ ಅವಳ ಬಾಯಲ್ಲಿ ನೀರೂರಿತು, ವಾಂತಿಯ ಮುಂಚಿನ ನೀರು. ಡಾಕ್ಟರಮ್ಮ ಸಣ್ಣ ಯಂತ್ರವನ್ನು ಹಣೆಯ ಮೇಲೆ ಜಾರಿಸಿದಳು. ಪರದೆಯ ಮೇಲೆ ಮೂಳೆ ಬಿಳಿ ಗೆರೆಯಾಗಿ ಕಂಡಿತು. ಹುಬ್ಬು ದಾಟಿ ಬೆರಳಗಲ ಮೇಲೆ ಗೆರೆ ಫಕ್ಕನೆ ತುಂಡಾಗಿತ್ತು.

"ಇಲ್ಲಿದೆ," ಎಂದಳು ಡಾಕ್ಟರಮ್ಮ. "ನಿಮ್ಮ ಬಲಗಡೆ ಕಚ್ಚಿಲ್ಲ, ತೂತು. ಅದೂ ಇಷ್ಟು ಮೇಲೆ. ತುಂಬ ಕಿರಿದಾಗಿದೆ, ನರ ಇಕ್ಕಟ್ಟಿನಲ್ಲಿ ತೂರಿ ಬರ್ತಿದೆ."

"ಅಂದ್ರೆ ನಂದು ಕಾಯಿಲೆನಾ?"

"ಒಬ್ಬರ ಕಿವಿ ತರ ಇನ್ನೊಬ್ಬರದು ಇರುತ್ತಾ? ಹಾಗೇ ಇದು. ಎಷ್ಟೋ ಜನರಿಗೆ ಹೀಗೇ ಇದ್ದು ಒಂದು ದಿನವೂ ನೋಯಲ್ಲ. ನಿಮಗೆ ನೋಯ್ತಿದೆ."

"ಆವತ್ತು ದೊಡ್ಡ ಡಾಕ್ಟ್ರು ಕೊಟ್ಟ ಇಂಜೆಕ್ಷನ್?"

"ಎಲ್ಲರಿಗೂ ಕೊಡೋ ಜಾಗದಲ್ಲಿ ಕೊಟ್ಟಿದಾರೆ. ನಿಮ್ಮ ನರ ಆ ಜಾಗದಲ್ಲಿ ಇರಲೇ ಇಲ್ಲ."

ಅವಳು ಪಕ್ಕದಲ್ಲಿದ್ದ ಗಂಡನಿಗೂ ಕೇಳಲಿ ಎಂದು ದನಿ ಎತ್ತಿ, "ಹಾಗಾದ್ರೆ ನೋವು ಇತ್ತು," ಎಂದಳು.

ಡಾಕ್ಟರಮ್ಮನಿಗೆ ಆ ಮಾತೇ ಅರ್ಥವಾಗಲಿಲ್ಲ. "ಇತ್ತಲ್ಲ? ಅದಕ್ಕೇ ತಾನೆ ಬಂದಿದ್ದು."

ಅವಳು ಗಂಡನ ಕಡೆ ತಿರುಗಿದಳು. ಅವನು ಪರದೆಯನ್ನೇ ನೋಡುತ್ತ ನಗುತ್ತಿದ್ದ. "ತೂತು!" ಎಂದ. "ನಾನು ಮದುವೆಯಾದಾಗಿಂದ ಹೇಳ್ತಿದೀನಿ ಡಾಕ್ಟ್ರೇ, ಇವಳ ತಲೆ ತೂತು, ಹೇಳಿದ್ದೊಂದೂ ಒಳಗೆ ನಿಲ್ಲಲ್ಲ ಅಂತ. ಈಗ ಯಂತ್ರಾನೇ ಹೇಳ್ತು ನೋಡಿ!"

ಡಾಕ್ಟರಮ್ಮ ನಗಲಿಲ್ಲ. ಹಣೆ ಒರೆಸಿ, ಪರದೆ ನೋಡಿಕೊಂಡೇ ಸೂಜಿ ಚುಚ್ಚಿದಳು. ಮೊದಲು ಉರಿ, ಆಮೇಲೆ ಒಂದು ಬೆಚ್ಚಗಿನ ಜೋಮು ಹುಬ್ಬಿನಿಂದ ಹಣೆಗೆ, ಹಣೆಯಿಂದ ನೆತ್ತಿಗೆ ಹತ್ತಿತು. ಅದರ ಹಿಂದೆಯೇ ನೋವು ನಿಂತಿತು. ಮೆಲ್ಲಗೆ ಇಳಿಯಲಿಲ್ಲ, ಒಮ್ಮೆಲೇ ನಿಂತಿತು. ಸದಾ ಓಡುತ್ತಿದ್ದ ಮೋಟಾರನ್ನು ಯಾರೋ ಆರಿಸಿದ ಮೇಲೆ ಕೋಣೆ ಎಷ್ಟು ದೊಡ್ಡದೆಂದು ತಿಳಿಯುತ್ತದಲ್ಲ, ಹಾಗೆ. ಅವಳಿಗೆ ಅಳು ಬರಲಿಲ್ಲ. ಹಸಿವಾಯಿತು.

ಆಸ್ಪತ್ರೆ ಎದುರಿನ ಚಹಾದಂಗಡಿಯಲ್ಲಿ ಕೂತರು. ಅವಳು ಬ್ರೆಡ್ಡು ತಿಂದಳು, ಇನ್ನೊಂದು ತರಿಸಿಕೊಂಡು ತಿಂದಳು. ಪಕ್ಕದ ಚರಂಡಿ ನಾರುತ್ತಿತ್ತು; ನಾರುತ್ತಿದೆ ಎಂದು ತಿಳಿಯಿತು, ಅಷ್ಟೆ. ಮೇಜಿನ ಮೇಲೆ ನೊಣ ಕೂತಿತು; ಓಡಿಸಿದಳು, ಅಷ್ಟೆ. ಎಷ್ಟೋ ವರ್ಷಗಳಿಂದ ತನಗೆ ತಾನೇ ಹೇಳಿಕೊಂಡು ಬಂದ ದಿನ ಇದು. ಇನ್ನು ಗಂಡನ ಮುಖ ನೋಡಬಹುದು ಎಂದುಕೊಂಡು, ಮದುವೆಯ ಹೊಸತರಲ್ಲಿ ನೋಡುತ್ತಿದ್ದ ಹಾಗೆ, ತಲೆ ಎತ್ತಿ ನೋಡಿದಳು.

ಅವನು ಫೋನಿನಲ್ಲಿ ಬಡಗಿಗೆ ಹೇಳುತ್ತಿದ್ದ. "ತೂತು ಕಣೋ! ತಲೇಲಿ ತೂತು! ಬಾ, ನೀನೂ ಬೆರಳು ಹಾಕಿ ನೋಡುವಂತೆ." ಫೋನಿಟ್ಟು, ಚಹಾ ಸೊರ್ರೆಂದು ಹೀರಿ, ಹೆಬ್ಬೆರಳನ್ನು ಅವಳ ಹುಬ್ಬಿನ ಮೇಲಿಟ್ಟು ಒತ್ತಿದ. "ಈಗ? ಈಗ ನೋಯುತ್ತಾ?"

ಚರ್ಮಕ್ಕೆ ಏನೂ ತಿಳಿಯಲಿಲ್ಲ. ಹೆಬ್ಬೆರಳು ಮುಟ್ಟಿದ್ದೂ ಗೊತ್ತಾಗಲಿಲ್ಲ. ಬರೀ ಮೂಗಿನ ಹತ್ತಿರ ಬಂದ ಆ ಕೈಯ ವಾಸನೆ ಬಂತು, ಎಂಜಲು, ಅಂಟು, ಚಹಾ. ತಿಂದ ಬ್ರೆಡ್ಡು ಗಂಟಲಿಗೆ ಬಂತು. ನೋವಿಲ್ಲದ, ತಿಳಿಯಾದ ತಲೆಯಲ್ಲಿ ಅವಳು ಅದನ್ನು ಮತ್ತೆ ನುಂಗಿದಳು. ಅವಳಿಗೆ ಭಯವಾಯಿತು.

ಔಷಧಿಯ ಉಳಿಕೆ ಇರಬಹುದು, ಅಭ್ಯಾಸಬಲ ಇರಬಹುದು ಎಂದು ಕೆಲವು ವಾರ ಕಾದಳು. ತಲೆ ಹಗುರಾಗಿತ್ತು. ಬಹಳ ಕಾಲ ಹಾಸಿಗೆ ಹಿಡಿದು ಸತ್ತ ಮುದುಕನೊಬ್ಬನ ದಿವಾನ್ ಮಂಚ ಬಂತು. ಅದರ ಬಟ್ಟೆ ಬಿಚ್ಚಿದರೆ ಕೀವು, ಮುಲಾಮು ಒಣಗಿ ಹಪ್ಪಳಗಟ್ಟಿತ್ತು. ಬಡಗಿ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಹೊರಗೆ ಹೋದ. ಅವಳು ಕೂತು ಪೂರ್ತಿ ಬಿಚ್ಚಿದಳು, ಪಾಪ ಯಾರೋ ಎಂದುಕೊಳ್ಳುತ್ತ. ಆದರೆ ಬೆಳಿಗ್ಗೆ ಬಚ್ಚಲಲ್ಲಿ ಗಂಡ ಗಂಟಲು ಕೆರೆದನೆಂದರೆ ಅವಳು ಕೈಯಲ್ಲಿದ್ದ ಚಹಾ ಕುಡಿಯಲಾರದೆ ಲೋಟವನ್ನು ಮೇಜಿನ ಮೇಲಿಡುತ್ತಿದ್ದಳು. ನೋವಿದ್ದಾಗ ಹೇಸಿಗೆ ಎಲ್ಲದರ ಮೇಲೂ ಹರಡಿಕೊಂಡಿತ್ತು. ಈಗ ಎಲ್ಲ ಕಡೆಯಿಂದ ಬತ್ತಿ ಒಂದೇ ಕಡೆ ನಿಂತಿತ್ತು. ಅವಳು ಮಗಳ ಕೋಣೆಯಲ್ಲಿ ಮಲಗತೊಡಗಿದಳು. ಮಗಳು ಮಂಚದ ಗೋಡೆಯ ಬದಿಗೆ ಸರಿದುಕೊಂಡಳು.

ಬೀದಿಯಲ್ಲಿ ಅವಳಿಗೆ ಹೊಸ ಹೆಸರು ಬಂದಿತ್ತು. ಸ್ಪಂಜಿನ ಲಾರಿಯವನು ಇಳಿಯುತ್ತಲೇ, "ತೂತಿನ ಅಕ್ಕ ಹೇಗಿದಾರೆ?" ಎಂದು ಕೇಳಿದ. ಒಂದು ಮಧ್ಯಾಹ್ನ ಯಾರೋ ಗಂಡಹೆಂಡತಿ ಕುರ್ಚಿಯ ಬಟ್ಟೆ ಆರಿಸಲು ಬಂದಿದ್ದರು. ಅವಳು ಅಳತೆ ಟೇಪು ಹಿಡಿದು ಮುಂದಿನ ಕೋಣೆಗೆ ಹೋದಾಗ ಗಂಡ ಕಥೆಯ ಅರ್ಧದಲ್ಲಿದ್ದ.

"ಇವಳು ನಾಟಕ ಆಡ್ತಿದಾಳೆ ಅಂತ ನಾನು ಹಿಂದಿನಿಂದ ಹೋಗಿ ಒತ್ತೋದು, ಇವಳು ಕಿರುಚೋದು! ನೋಡಿದ್ರೆ ಒಳಗೆ ತೂತು! ಇಲ್ಲೇ, ಬನ್ನಿ, ತೋರಿಸ್ತೀನಿ." ಹೆಬ್ಬೆರಳು ನಾಲಗೆಗೆ ಮುಟ್ಟಿ ಹಾಳೆ ತಿರುಗಿಸಿ ಅವಳ ಹಣೆಯ ಕಡೆ ಬಂತು.

ಅವಳು ಅವನ ಮಣಿಕಟ್ಟು ಹಿಡಿದಳು. "ಮುಟ್ಟಬೇಡಿ."

"ಯಾಕೆ, ನೋವು ಹೋಯ್ತಲ್ಲ?"

"ಹೋಗಿದೆ. ಅದಕ್ಕೇ ಹೇಳ್ತಿದೀನಿ."

ಗಿರಾಕಿಗಳು ನಾಳೆ ಬರುತ್ತೇವೆಂದು ಹೊರಟರು. ಅವನು ಬಾಗಿಲವರೆಗೆ ನಗುತ್ತಲೇ ಕಳಿಸಿಕೊಟ್ಟು, ತಿರುಗಿದಾಗ ಮುಖ ಕೆಂಪಾಗಿತ್ತು. "ಜನರ ಮುಂದೆ ನನ್ನ ಮಾನ ತೆಗೀತೀಯಾ? ನಾನೇನು ಕುಡೀತೀನಾ? ಹೊಡೀತೀನಾ? ನಿನ್ನ ವಾಂತಿ ಬಳಿದವನು ಕಣೇ ನಾನು!"

"ಹೌದು, ಬಳಿದ್ರಿ. ಬಳಿದದ್ದನ್ನ ಊರಿಗೆಲ್ಲ ಹಂಚಿದ್ರಿ."

"ತಮಾಷೆಗೆ ಹೇಳಿದ್ದು..."

"ನಾನು ಸುಳ್ಳಿ ಅಂತ ಒತ್ತಿ ಒತ್ತಿ ನೋಡಿದ್ರಿ. ಅದು ತಮಾಷೆನಾ? ಆ ಡಾಕ್ಟರಮ್ಮ ಹೇಳಿದ ಮೇಲಾದ್ರೂ ತಪ್ಪಾಯ್ತು ಅಂತೀರೇನೋ ಅಂತ ಕಾದೆ."

"ಸರಿ, ತಪ್ಪಾಯ್ತು. ಆಯ್ತಾ? ಸಾಕಾ?" ನಾಯಿಗೆ ತುಂಡು ಎಸೆದ ಹಾಗೆ ಎಸೆದ.

ಅವಳು ಟೇಪನ್ನು ಬೆರಳಿಗೆ ಸುತ್ತಿಕೊಂಡಳು. ಬೈಯಲು ಬಂದ ಮಾತು ಒಂದೂ ಬಾಯಿಗೆ ಹಿಡಿಸಲಿಲ್ಲ. ಕೊನೆಗೆ ಜ್ವರ ಬಂದಿದೆ ಎಂದು ಹೇಳುವವಳ ಹಾಗೆ ಮೆಲ್ಲಗೆ ಹೇಳಿದಳು. "ನಿಮ್ಮನ್ನ ಕಂಡ್ರೆ ನನಗೆ ಹೇಸಿಗೆಯಾಗುತ್ತೆ ರೀ. ನೋವಿನಿಂದ ಅಂತ ತಿಳ್ಕೊಂಡಿದ್ದೆ. ಅಲ್ಲ."

ಮಾತಿನಮಲ್ಲ ಮಾದರಿ ಪುಸ್ತಕವನ್ನು ಮುಚ್ಚಿಟ್ಟ. ಅವಳು ಹಿಂದಿನ ಕೋಣೆಗೆ ಹೋದಳು. ಬಡಗಿ ಏನೂ ಕೇಳದವನ ಹಾಗೆ ಜೋರಾಗಿ ಮರ ಉಜ್ಜತೊಡಗಿದ್ದ. ಸ್ವಲ್ಪ ಹೊತ್ತಿನ ಮೇಲೆ ನೂಲು ತರಲು ಬಾಗಿಲ ಹತ್ತಿರ ಹೋದಾಗ, ಗಂಡ ಬೆನ್ನು ತಿರುಗಿಸಿ ಒಬ್ಬನೇ ನಿಂತಿದ್ದದ್ದು ಕಂಡಿತು. ಅವನು ತನ್ನ ಬಲಗೈಯನ್ನು ಮೂಗಿನ ಹತ್ತಿರ ತಂದು ಮೂಸಿ ನೋಡುತ್ತಿದ್ದ. ಆಮೇಲೆ ಎಡಗೈ. ಅವಳಿಗೆ ಒಂದು ಕ್ಷಣ ಅಯ್ಯೋ ಎನಿಸಿತು. ಆದರೂ ಕಾಲು ಆ ಕೋಣೆಯೊಳಕ್ಕೆ ಹೋಗಲಿಲ್ಲ.

ಎರಡನೇ ಇಂಜೆಕ್ಷನ್ನಿನ ದಿನ ಅವನು ಬೆಳಿಗ್ಗೆಯೇ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿ, ಬಾಗಿಲಲ್ಲಿ ತಯಾರಾಗಿ ನಿಂತಿದ್ದ. ಕೈಯಿಂದ ಸಾಬೂನಿನ ವಾಸನೆ ಬರುತ್ತಿತ್ತು.

"ನಾನೊಬ್ಬಳೇ ಹೋಗ್ತೀನಿ," ಎಂದಳು.

"ಡಾಕ್ಟ್ರ ಹತ್ರ ಮಾತಾಡೋದು ಯಾರು?"

"ನಾನೇ ಮಾತಾಡ್ತೀನಿ."

ಅವನು ಬಾಗಿಲಿಂದ ಪಕ್ಕಕ್ಕೆ ಸರಿದ. ಅವಳು ಚಪ್ಪಲಿ ಮೆಟ್ಟಿ ನಡೆದಳು.

ಡಾಕ್ಟರಮ್ಮ ಹಣೆ ಮುಟ್ಟಿ ನೋಡಿದಳು, ಮತ್ತೆ ಸೂಜಿ ಕೊಟ್ಟಳು, ನೋವು ಮತ್ತೆ ಬಾರದೆ ಹೀಗೇ ಇದ್ದರೆ ತೂತು ಅಗಲ ಮಾಡುವ ಆಪರೇಷನ್ ಬೇಡ ಎಂದಳು. ವಾಪಸು ಬರುವಾಗ ಬಸ್ಸು ಕಿಕ್ಕಿರಿದಿತ್ತು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮುಂದಿನ ನಿಲ್ದಾಣದಲ್ಲಿ ಕಸ ಗುಡಿಸುವವರ ಸಮವಸ್ತ್ರ ತೊಟ್ಟ ಹೆಂಗಸೊಬ್ಬಳು ಹತ್ತಿ, ಪಕ್ಕದಲ್ಲಿ ದೊಪ್ಪನೆ ಕೂತಳು. ಕೂತು ಉಸಿರು ಬಿಡುವಷ್ಟರಲ್ಲೇ ಆ ಹೆಂಗಸಿಗೆ ನಿದ್ದೆ ಹತ್ತಿತು. ಬಸ್ಸು ತಿರುವಿನಲ್ಲಿ ವಾಲಿದಾಗ ಆ ಹೆಂಗಸಿನ ತಲೆ ಜಾರಿ ಇವಳ ಭುಜದ ಮೇಲೆ ಬಂತು.

ಫಿನಾಯಿಲು, ಬೆವರು, ದಿನಗಟ್ಟಲೆ ತೊಳೆಯದ ಕೂದಲು. ಬಾಯಿ ಅರ್ಧ ತೆರೆದಿತ್ತು. ತುಟಿಯ ಮೂಲೆಯಿಂದ ಜೊಲ್ಲು ಇಳಿದು ಇವಳ ತೋಳಿನ ಮೇಲೆ ಸಣ್ಣಗೆ ಒದ್ದೆಯಾಗುತ್ತಿತ್ತು. ಅವಳು ಕಿಟಕಿಯ ಸರಳು ಹಿಡಿದು, ಹೊಟ್ಟೆ ತೊಳಸುವುದನ್ನು ಕಾಯುತ್ತ ಕೂತಳು. ಒಂದು ನಿಲ್ದಾಣ ಹೋಯಿತು. ಇನ್ನೊಂದು ಹೋಯಿತು. ಬಾಯಲ್ಲಿ ನೀರೂರಲಿಲ್ಲ.

ಹೆಂಗಸಿನ ಕತ್ತು ಅಂಕುಡೊಂಕಾಗಿ ಬಾಗಿತ್ತು. ಅವಳು ಸರಳು ಬಿಟ್ಟು, ತಲೆ ಸರಿಯಾಗಿ ಒರಗುವ ಹಾಗೆ ಭುಜವನ್ನು ಒಂದಿಷ್ಟು ತಗ್ಗಿಸಿಕೊಟ್ಟಳು.